ಕಾರಿನ ಬ್ರೇಕಿಗೆ ಚರ್ಮ ಹೊಡೆಸಿದ ಬರ್ತಾ ಬೆಂಝ್

ಕಾರು ಕಂಡುಹಿಡಿದವರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ನಾವೆಲ್ಲ ಕಾರ್ಲ್ ಬೆಂಝ್ ಅಂತ ಥಟ್ಟನೆ ಹೇಳ್ತೀವಿ. ಆ ಕಾರನ್ನು ಮೊದಲ ಸಲ ದೂರದ ಊರಿಗೆ ಓಡಿಸಿದವರು ಯಾರು? ಅದರ ಬ್ರೇಕಿಗೆ ಮೊದಲ ಲೈನಿಂಗ್ ಹಾಕಿಸಿದವರು ಯಾರು? ಇದನ್ನ ಕೇಳಿದರೆ ಕ್ಲಾಸ್ ಪೂರ್ತಿ ಸೈಲೆಂಟ್. ಎರಡಕ್ಕೂ ಉತ್ತರ ಒಂದೇ: ಕಾರ್ಲ್ ಅವರ ಹೆಂಡತಿ ಬರ್ತಾ ಬೆಂಝ್.

ಇವತ್ತು ಬಾಹಾ ಮತ್ತು ಫಾರ್ಮುಲಾ ಸ್ಟೂಡೆಂಟ್ ಟೀಮ್‌ನವರು ಯಾವ ಬ್ರೇಕ್ ಪ್ಯಾಡ್ ತಗೋಬೇಕು ಅಂತ ಮಧ್ಯರಾತ್ರಿ ತನಕ ವಾದ ಮಾಡ್ತಾರೆ. ವಾರಾಂತ್ಯಕ್ಕೆ ಸ್ವಂತ ಕಾರು ತಗೊಂಡು ಚೆನ್ನೈ ಹತ್ತಿರದ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುವವರದ್ದೂ ಇದೇ ತಲೆನೋವು. ಈ ತಲೆನೋವಿಗೆ ಮೊದಲ ಮದ್ದು ಸಿಕ್ಕಿದ್ದು 1888ರ ಆಗಸ್ಟ್‌ನಲ್ಲಿ, ಜರ್ಮನಿಯ ಒಂದು ಹಳ್ಳಿಯಲ್ಲಿ, ಶೂ ಹೊಲಿಯುವವರ ಅಂಗಡಿಯಲ್ಲಿ.

ವರದಕ್ಷಿಣೆ ದುಡ್ಡು ವರ್ಕ್‌ಶಾಪ್‌ಗೆ ಹೋಯಿತು

ಬರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ತಂದೆ ಮನೆ ಕಟ್ಟಿಸುವ ಬಡಗಿ, ಅನುಕೂಲಸ್ಥರು. ಮಗು ಹುಟ್ಟಿದಾಗ ಮನೆಯ ಬೈಬಲ್‌ನಲ್ಲಿ, ಮತ್ತೆ ಹೆಣ್ಣೇ ಆಯಿತಲ್ಲ ಎಂಬ ಅರ್ಥದ ಮಾತು ಬರೆದಿಟ್ಟರಂತೆ. ನಮ್ಮ ಕಡೆ ಇಂಥ ಮಾತು ಕೇಳದ ಮನೆ ಎಷ್ಟಿವೆ ಹೇಳ್ರಿ?

ಕಾರ್ಲ್ ಬೆಂಝ್ ಎಂಜಿನಿಯರ್, ತಲೆ ತುಂಬ ಐಡಿಯಾ, ಕೈಯಲ್ಲಿ ದುಡ್ಡಿಲ್ಲ. 1871ರಲ್ಲಿ ಮನ್‌ಹೈಮ್ ಊರಿನಲ್ಲಿ ಆಗಸ್ಟ್ ರಿಟ್ಟರ್ ಎಂಬವರ ಜೊತೆ ಪಾಲುದಾರಿಕೆಯಲ್ಲಿ ಒಂದು ವರ್ಕ್‌ಶಾಪ್ ತೆಗೆದರು. ಸ್ವಲ್ಪ ದಿನಕ್ಕೇ ಪಾಲುದಾರನನ್ನು ನಂಬುವಂತಿಲ್ಲ ಅಂತ ಗೊತ್ತಾಯಿತು. ಆಗ ಬರ್ತಾ ಮದುವೆಗೆ ಮುಂಚೆಯೇ ತಮ್ಮ ವರದಕ್ಷಿಣೆ ಹಣ ಕೇಳಿ ಪಡೆದು, ರಿಟ್ಟರ್ ಪಾಲನ್ನು ಕೊಂಡುಕೊಳ್ಳಲು ಕೊಟ್ಟರು. ಇಲ್ಲಿ ಒಂದು ಕಾನೂನಿನ ಕಥೆಯೂ ಇದೆ. ಮದುವೆಯಾಗದ ಹೆಣ್ಣಾಗಿ ಅವರು ಹಣ ಹೂಡಬಹುದಿತ್ತು. 1872ರ ಜುಲೈನಲ್ಲಿ ಮದುವೆಯಾದ ಮೇಲೆ ಆ ಕಾಲದ ಕಾನೂನಿನಂತೆ ಹಣದ ಮೇಲಿನ ಅಧಿಕಾರ ಗಂಡನದು.

ಮುಂದಿನ ವರ್ಷಗಳು ಸಾಲದ ವರ್ಷಗಳು. 1879ರ ಡಿಸೆಂಬರ್ 31ರ ರಾತ್ರಿ ಊಟ ಮುಗಿಸಿ ಗಂಡ ಹೆಂಡತಿ ಇಬ್ಬರೂ ವರ್ಕ್‌ಶಾಪ್‌ಗೆ ಹೋದಾಗ ಅವರ ಟೂ-ಸ್ಟ್ರೋಕ್ ಎಂಜಿನ್ ಮೊದಲ ಸಲ ಸರಿಯಾಗಿ ಓಡಿತು. 1886ರ ಜನವರಿ 29ರಂದು ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಬಿತ್ತು. ಅದರ ನಂಬರ್ 37435. ಪೇಟೆಂಟ್‌ನಲ್ಲಿ ಇರೋದು ಕಾರ್ಲ್ ಹೆಸರು ಮಾತ್ರ.

ಹೇಳದೆ ಹೊರಟ ಪ್ರಯಾಣ

ಪೇಟೆಂಟ್ ಬಂತು, ಗಿರಾಕಿ ಬರಲಿಲ್ಲ. ಕುದುರೆ ಇಲ್ಲದ ಗಾಡಿ ಊರೊಳಗೆ ನಾಲ್ಕು ಸುತ್ತು ಹಾಕಿದ್ದನ್ನು ನೋಡಿ ಜನ ಕೊಂಡುಕೊಳ್ಳುತ್ತಾರಾ? ದೂರ ಹೋಗುತ್ತೆ ಅಂತ ಯಾರಾದರೂ ತೋರಿಸಬೇಕಿತ್ತು.

1888ರ ಆಗಸ್ಟ್ ಮೊದಲ ವಾರ ಒಂದು ಬೆಳಗ್ಗೆ, ಕಾರ್ಲ್‌ಗೆ ಹೇಳದೆ, ಬರ್ತಾ ಗಾಡಿ ಹೊರಗೆ ತೆಗೆದರು. ಜೊತೆಗೆ ಮಕ್ಕಳಾದ ಓಯ್ಗನ್ ಮತ್ತು ರಿಚರ್ಡ್. ಒಬ್ಬನಿಗೆ 15, ಇನ್ನೊಬ್ಬನಿಗೆ 13 ವರ್ಷ. ಹೊರಟಿದ್ದು ಮನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ, ಸುಮಾರು 106 ಕಿ.ಮೀ. ನಮ್ಮ ಲೆಕ್ಕದಲ್ಲಿ ಆಳಂದದಿಂದ ಹೊರಟು ಕಲಬುರಗಿ ಮೇಲೆ ಹಾದು, ಜೇವರ್ಗಿ ದಾಟಿ, ಇನ್ನೂ ಮುಂದೆ ಹೋದಷ್ಟು ದೂರ. ಗಾಡಿಗೆ ಒಂದೇ ಸಿಲಿಂಡರ್, ಟಾಪ್ ಸ್ಪೀಡ್ ಗಂಟೆಗೆ 16 ಕಿ.ಮೀ. ಆಸುಪಾಸು.

ಪೆಟ್ರೋಲ್ ಬಂಕ್ ಅನ್ನೋ ಪದಾರ್ಥವೇ ಆಗ ಇರಲಿಲ್ಲ. ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರಾವಣ ಕೊಂಡು ಎಂಜಿನ್‌ಗೆ ಹಾಕಿದರು. ಕೂಲಿಂಗ್ ನೀರು ಆವಿಯಾಗಿ ಹೋಗುತ್ತಿತ್ತು. ದಾರಿಯಲ್ಲಿ ನೀರು ಕಂಡಲ್ಲೆಲ್ಲ ನಿಲ್ಲಿಸಿ ತುಂಬಿದರು. ಇಂಧನದ ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ತೆರೆದರು. ಇಗ್ನಿಷನ್ ವೈರ್ ಕೆಟ್ಟಾಗ ಕಾಲುಚೀಲ ಕಟ್ಟುವ ಪಟ್ಟಿಯೇ ಇನ್ಸುಲೇಷನ್ ಆಯಿತು. ಚೈನ್ ತೊಂದರೆ ಕೊಟ್ಟಾಗ ಬ್ರೂಖ್‌ಸಾಲ್‌ನಲ್ಲಿ ಒಬ್ಬ ಕಮ್ಮಾರರು ರಿಪೇರಿ ಮಾಡಿದರು. ಏರು ಬಂದಾಗ ಗಾಡಿಗೆ ಶಕ್ತಿ ಸಾಲದೆ ಮಕ್ಕಳು ಇಳಿದು ನೂಕಿದರು.

ಏರು ಹತ್ತಿದ ಮೇಲೆ ಇಳಿಯಬೇಕಲ್ಲ, ಅಸಲಿ ಪರೀಕ್ಷೆ ಅಲ್ಲಿತ್ತು.

ಮರ ಸೋತಿತು, ಚರ್ಮ ಬಂತು

ಆ ಗಾಡಿಯ ಬ್ರೇಕ್ ಅಂದರೆ ಮರದ ತುಂಡು. ಲಿವರ್ ಎಳೆದರೆ ತುಂಡು ಹೋಗಿ ಒತ್ತುತ್ತದೆ, ಉಜ್ಜಾಟಕ್ಕೆ ಗಾಡಿ ನಿಧಾನವಾಗುತ್ತದೆ. ಕುದುರೆ ಗಾಡಿಯಿಂದ ಬಂದ ಪದ್ಧತಿ ಇದು. ಆದರೆ ಕುದುರೆ ತಾನೂ ಸ್ವಲ್ಪ ಹಿಡಿದು ನಿಲ್ಲಿಸುತ್ತದೆ. ಇಲ್ಲಿ ಕುದುರೆ ಇಲ್ಲ.

ಒಂದು ಚಿಕ್ಕ ಲೆಕ್ಕ ಮಾಡೋಣ. ಗಾಡಿ, ಮೂರು ಜನ ಎಲ್ಲ ಸೇರಿ 500 ಕೆ.ಜಿ. ಅಂತ ಇಟ್ಕೊಳ್ಳಿ. 100 ಮೀಟರ್ ಎತ್ತರದಿಂದ ಇಳಿದರೆ ಎಂಜಿಎಚ್ ಪ್ರಕಾರ ಸುಮಾರು 4.9 ಲಕ್ಷ ಜೂಲ್. ವೇಗ ಏರಬಾರದು ಅಂದರೆ ಇದರ ದೊಡ್ಡ ಪಾಲು ಬ್ರೇಕಿನಲ್ಲೇ ಶಾಖವಾಗಿ ಹೋಗಬೇಕು. ಮರಕ್ಕೆ ಶಾಖ ಬೇಗ ಸಾಗಿಸಲು ಬರೋದಿಲ್ಲ. ಮೇಲ್ಮೈ ಸುಟ್ಟು ಕರಕಲಾಗುತ್ತದೆ, ಸವೆಯುತ್ತದೆ, ಹಿಡಿತ ಬಿಡುತ್ತದೆ. ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಬಿಟ್ಟುಕೊಡುವುದನ್ನು ಕೈಯಲ್ಲೇ ಗ್ರಹಿಸೋದು ಅಂದರೆ ಏನು ಅಂತ ಯೋಚಿಸಿ ನೋಡ್ರಿ.

ಬಾವ್‌ಶ್ಲಾಟ್ ಎಂಬ ಹಳ್ಳಿಯಲ್ಲಿ ಬರ್ತಾ ಶೂ ಹೊಲಿಯುವವರನ್ನು ಹುಡುಕಿ, ಮರದ ತುಂಡುಗಳ ಮೇಲೆ ಚರ್ಮ ಹೊಡೆಸಿದರು. ಜಗತ್ತಿನ ಮೊದಲ ಕಾರ್ ಬ್ರೇಕ್ ಲೈನಿಂಗ್ ಅಂತ ಈಗ ಹೇಳುವುದು ಇದನ್ನೇ. ಐಡಿಯಾ ಸಿಂಪಲ್, ಆದರೆ ಒಳಗಿನ ತತ್ವ ದೊಡ್ಡದು: ಭಾರ ಹೊರುವ ಭಾಗ ಬೇರೆ, ಉಜ್ಜಿ ಸವೆಯುವ ಭಾಗ ಬೇರೆ. ಸವೆದದ್ದನ್ನು ಕಿತ್ತು ಹೊಸದು ಹಾಕಬಹುದು. ಇವತ್ತಿನ ಪ್ಯಾಡ್‌ನಲ್ಲೂ ಅಷ್ಟೇ, ಹಿಂದೆ ಉಕ್ಕಿನ ಪ್ಲೇಟ್, ಮುಂದೆ ಸವೆಯುವ ಮಸಾಲೆ.

ಸಂಜೆ ಕತ್ತಲಾಗುವ ಹೊತ್ತಿಗೆ ಫೋರ್ಟ್ಸ್‌ಹೈಮ್ ಮುಟ್ಟಿ ಕಾರ್ಲ್‌ಗೆ ತಂತಿ ಕಳಿಸಿದರು. ಕೆಲವು ದಿನ ಬಿಟ್ಟು ಬೇರೆ ದಾರಿಯಲ್ಲಿ ಅದೇ ಗಾಡಿಯಲ್ಲಿ ವಾಪಸ್. ಬರುವಾಗ ಒಂದು ಟೆಸ್ಟ್ ರಿಪೋರ್ಟೇ ತಂದಿದ್ದರು: ಬ್ರೇಕಿಗೆ ಲೈನಿಂಗ್ ಬೇಕು, ಏರು ಹತ್ತಲು ಇನ್ನೊಂದು ಗೇರ್ ಬೇಕು. ಕಾರ್ಲ್ ಗೇರ್ ಸೇರಿಸಿದರು. ಗಾಡಿ ದೂರ ಹೋಗಿ ಬಂದ ಸುದ್ದಿಯೂ ಹಬ್ಬಿತು. 1899ರ ಒಂದೇ ವರ್ಷದಲ್ಲಿ ಬೆಂಝ್ ಕಂಪನಿ 572 ಗಾಡಿ ತಯಾರಿಸಿ, ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಅನ್ನಿಸಿಕೊಂಡಿತು.

ಸಪಾಟು ನೆಲದಲ್ಲಿ ಎಲ್ಲ ಬ್ರೇಕೂ ಒಳ್ಳೆಯದೇ

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ನಮ್ಮದು ಕರಿ ಮಣ್ಣಿನ ಸೀಮೆ, ತೊಗರಿ ಹೊಲದ ನಡುವೆ ರಸ್ತೆ ಸಪಾಟಾಗಿ ಹೋಗುತ್ತೆ. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರೇಲರ್ ಹೋಗ್ತಾವ, ಎಷ್ಟೋ ಟ್ರೇಲರಿಗೆ ಬ್ರೇಕೇ ಇರಲ್ಲ. ನೆಲ ಸಪಾಟಾಗಿರೋ ತನಕ ಹೆಂಗೋ ನಡೀತದ. ಒಂದು ಸೇತುವೆ ಇಳಿಜಾರು ಬಂದಾಗ ಟ್ರ್ಯಾಕ್ಟರಿನ ಬ್ರೇಕೊಂದೇ ಅಷ್ಟೂ ಭಾರ ಹಿಡಿಯಬೇಕು. ಬರ್ತಾ ಕೂಡ ಮನ್‌ಹೈಮ್‌ನ ಸಪಾಟು ಬೀದಿಯಲ್ಲೇ ಸುತ್ತಿದ್ದರೆ ಮರದ ಬ್ರೇಕ್ ಪಾಸಾಗುತ್ತಿತ್ತು.

ಕಾಲೇಜು ಟೀಮ್‌ಗಳು ಪ್ಯಾಡ್ ಆರಿಸುವಾಗ ಎಡವೋದು ಇಲ್ಲೇ. ಸ್ಪರ್ಧೆಯಲ್ಲಿ ಮೊದಲು ಬ್ರೇಕ್ ಟೆಸ್ಟ್: ಓಡಿ ಬಂದು ಒತ್ತಿದರೆ ನಾಲ್ಕೂ ಗಾಲಿ ಲಾಕ್ ಆಗಬೇಕು. ಆಗ ಪ್ಯಾಡ್ ತಣ್ಣಗಿರುತ್ತದೆ. ಆಮೇಲೆ ಎಂಡ್ಯೂರೆನ್ಸ್: ಫಾರ್ಮುಲಾದಲ್ಲಿ ಸುಮಾರು 22 ಕಿ.ಮೀ., ಬಾಹಾದಲ್ಲಿ ನಾಲ್ಕು ಗಂಟೆ. ಆಗ ಪ್ಯಾಡ್ ಬಿಸಿ. ಡ್ರೈವರ್ ಸೇರಿ 300 ಕೆ.ಜಿ.ಯ ಗಾಡಿ ಗಂಟೆಗೆ 100 ಕಿ.ಮೀ. ವೇಗದಿಂದ ಒಂದು ಸಲ ನಿಂತರೆ ಸುಮಾರು 1.16 ಲಕ್ಷ ಜೂಲ್. ಪ್ರತಿ ತಿರುವಿನಲ್ಲೂ ಇದರ ಒಂದು ಪಾಲು ಪ್ಯಾಡ್ ಮತ್ತು ಡಿಸ್ಕಿಗೆ ಸೇರುತ್ತಾ ಹೋಗುತ್ತದೆ, ಆರಲು ಟೈಮ್ ಇಲ್ಲ.

ಸಾಮಾನ್ಯ ರಸ್ತೆಯ ಆರ್ಗ್ಯಾನಿಕ್ ಪ್ಯಾಡ್ ತಣ್ಣಗಿದ್ದಾಗಲೇ ಚೆನ್ನಾಗಿ ಕಚ್ಚುತ್ತೆ, ಆದರೆ 300 ಡಿಗ್ರಿ ದಾಟುತ್ತಾ ಹೋದಂತೆ ಅದರೊಳಗಿನ ಅಂಟು ಅನಿಲ ಬಿಟ್ಟು ಹಿಡಿತ ಜಾರುತ್ತೆ. ಫೇಡ್ ಅನ್ನೋದು ಇದನ್ನೇ. ರೇಸ್ ಪ್ಯಾಡ್ 600 ಡಿಗ್ರಿಗೂ ಗಟ್ಟಿ, ಆದರೆ ತಣ್ಣಗಿದ್ದಾಗ ಮಂದ, ಸದ್ದು ಜಾಸ್ತಿ, ಡಿಸ್ಕ್ ಬೇಗ ತಿನ್ನುತ್ತೆ. ಅದೇ ಕಾರಿನಲ್ಲಿ ಸೋಮವಾರ ಆಫೀಸಿಗೆ ಹೋಗುವವರಿಗೆ ಮೊದಲ ಸಿಗ್ನಲ್‌ನಲ್ಲೇ ಅದು ಅಪಾಯ. ಹಂಗಾಗಿ ಯಾವ ಪ್ಯಾಡ್ ಬೆಸ್ಟ್ ಅಂತ ಕೇಳೋದು ಅರ್ಧ ಪ್ರಶ್ನೆ. ನಮ್ಮ ಬ್ರೇಕ್ ಎಷ್ಟರಿಂದ ಎಷ್ಟು ಡಿಗ್ರಿ ತನಕ ಹೋಗುತ್ತೆ ಅಂತ ಡಿಸ್ಕಿಗೆ ಶಾಖದ ಬಣ್ಣ ಹಚ್ಚಿಯೋ ಸೆನ್ಸರ್ ಇಟ್ಟೋ ಮೊದಲು ಅಳೀಬೇಕು. ಹೊಸ ಪ್ಯಾಡ್ ಹಾಕಿದರೆ ಬೆಡ್ಡಿಂಗ್ ಮಾಡಬೇಕು. ಫ್ಲೂಯಿಡ್ ಕಡೆಯೂ ಕಣ್ಣಿರಲಿ: ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ, ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ಫ್ಲೂಯಿಡ್ ಕುದಿದರೆ ಎಷ್ಟು ದುಬಾರಿ ಪ್ಯಾಡ್ ಇದ್ದರೂ ಪೆಡಲ್ ನೆಲಕ್ಕೆ ಹೋಗುತ್ತೆ.

ಬೆಳಗ್ಗೆ ಆರಕ್ಕೆ ಕ್ಯಾಂಪಸ್ ಗ್ರೌಂಡ್‌ನಲ್ಲಿ ನಾಲ್ಕು ಸಲ ಬ್ರೇಕ್ ಹಾಕಿ ಓಕೆ ಅಂದರೆ ಅದು ಮನ್‌ಹೈಮ್ ಬೀದಿಯ ಟೆಸ್ಟ್. ಇಪ್ಪತ್ತು ಕಿ.ಮೀ. ಬಿಡದೆ ಓಡಿಸಿ, ಮಧ್ಯಾಹ್ನದ ಬಿಸಿಲಲ್ಲಿ, ಕೊನೆಯ ಸುತ್ತಿನಲ್ಲೂ ಪೆಡಲ್ ಗಟ್ಟಿ ಇದ್ದರೆ ಅದು ಬರ್ತಾ ಅವರ ಟೆಸ್ಟ್.

ಹೆಸರು ಬಂದದ್ದು ತಡವಾಗಿ

ಚರ್ಮವೂ ಕೊನೆಯ ಉತ್ತರ ಆಗಿರಲಿಲ್ಲ, ಅದೂ ಸುಡುತ್ತದೆ. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್, ಗುಡ್ಡದ ರಸ್ತೆಯಲ್ಲಿ ಗಾಡಿಯವರು ಹಳೇ ಬೂಟನ್ನು ಬ್ರೇಕಿಗೆ ಸಿಕ್ಕಿಸುವುದನ್ನು ಕಂಡು, ಬ್ರೇಕಿಗೆಂದೇ ಬೇರೆ ವಸ್ತು ತಯಾರಿಸಲು ಹೊರಟರು. ಇವತ್ತೂ ರೇಸ್ ಪ್ಯಾಡ್ ಡಬ್ಬಿಯ ಮೇಲೆ ಕಾಣುವ ಫೆರೋಡೋ ಅವರ ಕಂಪನಿ.

ಬರ್ತಾ ಅಷ್ಟರಲ್ಲಿ ಐದು ಮಕ್ಕಳ ತಾಯಿ. ಮುಂದೆ ಕುಟುಂಬ ಲಾಡೆನ್‌ಬುರ್ಗ್ ಎಂಬ ಊರಿಗೆ ಹೋಗಿ ನೆಲೆಸಿತು. ಕಾರ್ಲ್ 1929ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಬರ್ತಾ ಅವರಿಗೆ 95 ತುಂಬಿದ ದಿನ, 1944ರ ಮೇ 3ರಂದು, ಕಾರ್ಲ್ ಓದಿದ ಕಾರ್ಲ್ಸ್‌ರೂಹ ತಾಂತ್ರಿಕ ವಿದ್ಯಾಲಯ ಗೌರವ ಸೆನೆಟರ್ ಪದವಿ ಕೊಟ್ಟಿತು. ಎರಡೇ ದಿನಕ್ಕೆ, ಮೇ 5ರಂದು, ಅವರು ತೀರಿಹೋದರು. ಅವರು ಹೋದ ದಾರಿಗೆ 2008ರಲ್ಲಿ ಅವರದೇ ಹೆಸರಿಟ್ಟರು. ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್‌ಗೆ ಕಾರ್ಲ್ ಸೇರಿದ್ದು 1984ರಲ್ಲಿ, ಬರ್ತಾ ಸೇರಿದ್ದು 2016ರಲ್ಲಿ. ನಡುವೆ 32 ವರ್ಷ.

ಪೇಟೆಂಟ್ ಕಾಗದದಲ್ಲಿ ದುಡ್ಡು ಕೊಟ್ಟವರ ಹೆಸರಿಲ್ಲ, ರಸ್ತೆಗೆ ಒಯ್ದು ತಪ್ಪು ಹುಡುಕಿದವರ ಹೆಸರೂ ಇಲ್ಲ. ನಮ್ಮ ಟೀಮ್ ಪೋಸ್ಟರ್‌ಗಳಲ್ಲೂ ಡಿಸೈನ್ ಮಾಡಿದವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತೆ. ಬಿಸಿಲಲ್ಲಿ ನಿಂತು ಡಿಸ್ಕ್ ಟೆಂಪರೇಚರ್ ಬರೆದುಕೊಂಡವಳು, ಈ ಪ್ಯಾಡ್ ಆಗಲ್ಲ ಅಂತ ಮೊದಲು ಹೇಳಿದವಳು ಗ್ರೂಪ್ ಫೋಟೋದ ಮೂಲೆಯಲ್ಲಿ ಇರ್ತಾಳೆ. ಮುಂದಿನ ಸಲ ಪೋಸ್ಟರ್ ಮಾಡುವಾಗ ಆ ಹೆಸರನ್ನೂ ಅದೇ ಸೈಜಿನಲ್ಲಿ ಹಾಕ್ರಿ.