ಸಾವೇ ದಾದಾ

ಚಲಚ್ಚಿತ್ರವೆಂದೊಡನೆ ನಮ್ಮ ಬಾಲಕ ಬಾಲಿಕೆಯರಿಗೆ ನಟನಟಿಯರೇ ನೆನಪಾಗುವರು. ಆದರೆ ಭಾರತೀಯರೊಬ್ಬರು ತೆಗೆದ ಮೊತ್ತಮೊದಲ ಚಿತ್ರಗಳಲ್ಲಿ ಕಥೆಯೂ ಇರಲಿಲ್ಲ, ವೇಷವೂ ಇರಲಿಲ್ಲ; ಕಣ್ಣೆದುರು ನಡೆದ ಸಂಗತಿಯೇ ಅಲ್ಲಿತ್ತು. ಅವನ್ನು ತೆಗೆದವರು ಹರಿಶ್ಚಂದ್ರ ಸಖಾರಾಮ ಭಾಟವಡೇಕರರು. ಜನರು ಅವರನ್ನು ಸಾವೇ ದಾದಾ ಎಂದು ಕರೆಯುತ್ತಿದ್ದರು.

1868ರಲ್ಲಿ ಜನಿಸಿದ ದಾದಾ ಮುಂಬಯಿಯಲ್ಲಿ ಛಾಯಾಗ್ರಾಹಕರಾಗಿದ್ದರು. 1896ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಆ ನಗರಕ್ಕೆ ಬಂದವು. ಅವುಗಳಿಂದ ಪ್ರೇರಿತರಾದ ದಾದಾ ಲಂಡನ್ನಿನಿಂದ ಕ್ಯಾಮರಾ ತರಿಸಿ, 1899ರಲ್ಲಿ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ನಡೆದ ಕುಸ್ತಿಯೊಂದನ್ನು ಚಿತ್ರಿಸಿದರು. ಫಿಲ್ಮನ್ನು ಸಂಸ್ಕರಿಸಲು ಲಂಡನ್ನಿಗೇ ಕಳುಹಿಸಬೇಕಾಗಿತ್ತು. ಅದು ಸಮುದ್ರ ದಾಟಿ ಮರಳುವ ತನಕ ಚಿತ್ರವು ಮೂಡಿತೋ ಇಲ್ಲವೋ ತಿಳಿಯುವಂತಿರಲಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪರೀಕ್ಷೆಯಲ್ಲಿ ಅಗ್ರಸ್ಥಾನ ಗಳಿಸಿದ ರಘುನಾಥ ಪುರುಷೋತ್ತಮ ಪರಾಂಜಪೆಯವರು 1901ರ ಡಿಸೆಂಬರಿನಲ್ಲಿ ಸ್ವದೇಶಕ್ಕೆ ಮರಳಿದರು. ಮುಂಬಯಿಯ ಚೌಪಾಟಿಯಲ್ಲಿ ಅವರಿಗೆ ದೊರೆತ ಸ್ವಾಗತವನ್ನು ದಾದಾ ಚಿತ್ರಿಸಿದರು. ಅದನ್ನೇ ಭಾರತದ ಮೊದಲ ವಾರ್ತಾಚಿತ್ರವೆಂದು ಇತಿಹಾಸಕಾರರು ಎಣಿಸುವರು. 1903ರಲ್ಲಿ ಲಾರ್ಡ್ ಕರ್ಜನನ ದೆಹಲಿ ದರ್ಬಾರನ್ನೂ ಅವರು ಸೆರೆಹಿಡಿದರು. ಆದರೆ ಆ ರಾಜವೈಭವಕ್ಕಿಂತ ಮೊದಲೇ ಅವರ ಕ್ಯಾಮರಾ ವಿದ್ಯಾವಂತ ತರುಣನೊಬ್ಬನ ಕಡೆಗೆ ತಿರುಗಿತ್ತೆಂಬುದು ಮನನೀಯ.

ತರುವಾಯ ದಾದಾ ಚಿತ್ರ ತೆಗೆಯುವುದನ್ನು ಬಿಟ್ಟು, ಮುಂಬಯಿಯ ಗೇಯಿಟಿ ಥಿಯೇಟರನ್ನು ನಡೆಸಿದರು. ಚಲಚ್ಚಿತ್ರಗಳಿಗೆ ರಾಷ್ಟ್ರಪ್ರಶಸ್ತಿಯು ಆರಂಭವಾದದ್ದು 1954ರಲ್ಲಿ. ಅಷ್ಟರಲ್ಲಿ ದಾದಾ ಎಂಬತ್ತೈದು ದಾಟಿದ ವೃದ್ಧರು. 1958ರಲ್ಲಿ ಅವರು ಕಾಲವಾದರು. ಇಂದು ಸಾಕ್ಷ್ಯಚಿತ್ರಕಾರರು ಪಡೆಯುವ ಪುರಸ್ಕಾರಗಳು ಅವರು ತುಳಿದ ಹಾದಿಯಲ್ಲಿ ಬಿಟ್ಟ ಫಲಗಳು.

ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ರೈಲಿನಲ್ಲಿ ಚೌಪಾಟಿಗೆ ವಿಹಾರ ಹೋಗುವ ವಿದ್ಯಾರ್ಥಿಗಳೇ, ಅಲ್ಲಿ ಒಮ್ಮೆ ವಿದ್ಯೆಗೆ ಸಂದ ಗೌರವವನ್ನೂ, ಅದನ್ನು ಚಿತ್ರದಲ್ಲಿ ಹಿಡಿದ ಈ ಸಾಹಸಿಯನ್ನೂ ಸ್ಮರಿಸಿರಿ.