ಪಾಟ್ ಉಳಿಸಿದ ಪೊಲೀಸ್ ಅಧಿಕಾರಿ: ನಡಿಕೇರಿಯಂಡ ಚಿಣ್ಣಪ್ಪ ಮತ್ತು ಹಾಡಿನ ಕೂಲಿ

ಕೊಡಗಿನಲ್ಲಿ ದುಡಿ ಹಿಡಿದು ಹಾಡುವವರ ನಡುವೆ ಮಾತು ಶುರುವಾದರೆ ನಡಿಕೇರಿಯಂಡ ಚಿಣ್ಣಪ್ಪನವರ ಹೆಸರು ಬಾರದೆ ಅದು ಮುಗಿಯೋದಿಲ್ಲ. 1924ರಲ್ಲಿ ಅವರು ಹೊರತಂದ ‘ಪಟ್ಟೋಲೆ ಪಳಮೆ’ಗೆ ಈಗ ನೂರು ವರ್ಷ ದಾಟಿದೆ. ಮದುವೆ ಪಾಟ್ ಇರಲಿ, ಹುತ್ತರಿ ಪಾಟ್ ಇರಲಿ, ಸಾವಿನ ಮನೆಯ ಪಾಟ್ ಇರಲಿ, ಸಾಲು ಮರೆತರೆ ಜನ ಇವತ್ತಿಗೂ ತೆರೆದು ನೋಡೋದು ಅದೇ ಪುಸ್ತಕವನ್ನು.

ಆದರೆ ಚಿಣ್ಣಪ್ಪನವರ ಬದುಕಿನ ಒಂದು ಸಂಗತಿ ಅಷ್ಟಾಗಿ ಚರ್ಚೆಗೆ ಬರೋದಿಲ್ಲ. ಅವರು ಹಾಡಿ ಹೊಟ್ಟೆ ಹೊರೆದವರಲ್ಲ. ಸೈನಿಕರಾಗಿದ್ದರು, ಮೇಷ್ಟ್ರಾಗಿದ್ದರು, ಪೊಲೀಸ್ ಇಲಾಖೆಯಲ್ಲಿದ್ದರು. ಮನೆಯ ಒಲೆ ಉರಿಯಲು ಸಂಬಳವಿತ್ತು, ಹಾಡು ಪ್ರೀತಿಯ ಕೆಲಸವಾಗಿತ್ತು. ಊರ ಹಬ್ಬಕ್ಕೆ, ಅಂಗಡಿ ಉದ್ಘಾಟನೆಗೆ, ಸಂಘದ ವಾರ್ಷಿಕೋತ್ಸವಕ್ಕೆ ಹಾಡುಗಾರರನ್ನು ಕರೆದು, ಸಂಭಾವನೆ ಮಾತು ಬಂದಾಗ ಇದು ನಮ್ಮ ಸಂಸ್ಕೃತಿ ಸೇವೆ ಅಲ್ವಾ ಅಂತ ನುಣುಚಿಕೊಳ್ಳುವವರು ಚಿಣ್ಣಪ್ಪನವರ ಬದುಕನ್ನು ಒಮ್ಮೆ ಸರಿಯಾಗಿ ನೋಡಬೇಕು.

ಕರಡದ ಹುಡುಗ, ಸರ್ಕಾರಿ ನೌಕರ

ಚಿಣ್ಣಪ್ಪ ಹುಟ್ಟಿದ್ದು 1875ರಲ್ಲಿ, ವಿರಾಜಪೇಟೆ ಕಡೆಯ ಕರಡ ಗ್ರಾಮದ ನಡಿಕೇರಿಯಂಡ ಒಕ್ಕದಲ್ಲಿ. ಚಿಕ್ಕವೀರರಾಜೇಂದ್ರ ಗದ್ದುಗೆ ಕಳೆದುಕೊಂಡು ಕೊಡಗು ಬ್ರಿಟಿಷರ ಕೈಗೆ ಹೋದದ್ದು 1834ರಲ್ಲಿ. ಅಂದರೆ ಚಿಣ್ಣಪ್ಪ ಹುಟ್ಟುವಾಗ ರಾಜರ ಕಾಲ ಕಣ್ಣಾರೆ ಕಂಡ ಅಜ್ಜಂದಿರು ಇನ್ನೂ ಐನ್‌ಮನೆಗಳ ಜಗಲಿಯಲ್ಲಿ ಕೂತಿದ್ದರು. ಅದೇ ಹೊತ್ತಿಗೆ ಬೆಟ್ಟದ ಇಳಿಜಾರಲ್ಲಿ ಕಾಫಿ ತೋಟ, ಮಡಿಕೇರಿಯಲ್ಲಿ ಇಂಗ್ಲಿಷ್ ಶಾಲೆ, ಕಚೇರಿಗಳಲ್ಲಿ ಗುಮಾಸ್ತಿಕೆ ಎಲ್ಲ ಬಂದಿದ್ದವು.

ಅಕ್ಷರ ಕಲಿತ ಹುಡುಗರು ನೌಕರಿ ಹಿಡಿದು ಊರು ಬಿಟ್ಟರು. ಹಿರಿಯರ ಪಕ್ಕ ಕೂತು ಸಾಲು ಸಾಲಾಗಿ ಪಾಟ್ ಬಾಯಿಪಾಠ ಮಾಡುವವರು ಕಡಿಮೆಯಾದರು. ಚಿಣ್ಣಪ್ಪ ಕೂಡ ಓದಿ ನೌಕರಿಗೆ ಹೋದ ಪೀಳಿಗೆಯವರೇ. ಆದರೆ ಅವರಿಗೆ ಹಾಡುವ ಕಂಠವಿತ್ತು, ಹಾಡು ಕಟ್ಟುವ ಕೈಯೂ ಇತ್ತು. ಕೊಡವರ ಮನೆಮನೆಗಳಲ್ಲಿ ಇಂದಿಗೂ ಕೇಳಿಬರುವ ‘ಶ್ರೀ ಮೂಲ ಕನ್ನಿಯೇ’ ಅವರದೇ ರಚನೆ. ಹಳೆಯ ಹಾಡು ಹಿರಿಯರ ಜೊತೆಗೇ ಮಣ್ಣಾಗುತ್ತೆ ಅನ್ನೋದು ಅವರಿಗೆ ಬೇಗ ಅರ್ಥವಾಯಿತು. ನೌಕರಿಯ ಜೊತೆಯಲ್ಲೇ, ಬಿಡುವಿನ ಹೊತ್ತಲ್ಲಿ, ಬಲ್ಲವರನ್ನು ಹುಡುಕಿ ಹಾಡಿಸಿ, ಕೇಳಿ, ಬರೆದುಕೊಳ್ಳುವ ಕೆಲಸಕ್ಕೆ ಇಳಿದರು.

ನಾಲ್ಕು ಜನ, ನಾಲ್ಕು ದುಡಿ

ಅವರು ಬರೆದುಕೊಂಡದ್ದು ಎಂಥ ವಿದ್ಯೆ ಅನ್ನೋದು ಹೊಸ ತಲೆಮಾರಿಗೆ ಗೊತ್ತಿರಲಿಕ್ಕಿಲ್ಲ. ಬಾಳೋಪಾಟ್ ಅಂದರೆ ಸಾಮಾನ್ಯವಾಗಿ ನಾಲ್ಕು ಜನರ ಹಾಡು. ಇಬ್ಬರು ಮುಂದಾಗಿ ಹೇಳುತ್ತಾರೆ, ಇನ್ನಿಬ್ಬರು ಹಿಡಿದು ಮುಂದುವರಿಸುತ್ತಾರೆ. ಕೈಯಲ್ಲಿ ನಡು ಸಣ್ಣಗಿರುವ ದುಡಿ. ತಾಳ ತಪ್ಪಿದರೆ ನಾಲ್ವರೂ ತಪ್ಪಿದ ಹಾಗೆ.

ಹಾಡು ಗಂಟೆಗಟ್ಟಲೆ ಹೋಗುತ್ತೆ. ಮದುವೆಯಲ್ಲಿ ವಧೂವರರ ಒಕ್ಕ, ಸಂಬಂಧ, ನಡೆದ ಶಾಸ್ತ್ರ ಎಲ್ಲ ಅದರಲ್ಲಿ ಬರಬೇಕು. ಸಾವಿನ ಮನೆಯಲ್ಲಿ ತೀರಿಕೊಂಡವರ ಬದುಕನ್ನು ನೆನೆಯಬೇಕು. ದೇವರ ಪಾಟ್‌ನಲ್ಲಿ ದೇವರು ಎಲ್ಲಿಂದ ಬಂದ, ಎಲ್ಲಿ ನೆಲೆ ನಿಂತ ಅನ್ನೋ ಕಥೆ ದಾರಿಯ ಊರುಗಳ ಸಮೇತ ಬರಬೇಕು. ವೀರರ ಕಥೆಗಳು ಬೇರೆ. ಕೆಲವು ಸಾಲು ಎಲ್ಲ ಹಾಡಿಗೂ ಸಾಮಾನ್ಯ. ಉಳಿದದ್ದನ್ನು ಆಯಾ ಮನೆಗೆ, ಆಯಾ ಜನಕ್ಕೆ ತಕ್ಕಂತೆ ಹಾಡುಗಾರ ಸ್ಥಳದಲ್ಲೇ ಕೂಡಿಸಬೇಕು. ವರ್ಷಗಟ್ಟಲೆ ಹಿರಿಯರ ಹಿಂದೆ ತಿರುಗಿದವನಿಗೆ ಮಾತ್ರ ಇದು ಬರುತ್ತೆ. ಗದ್ದೆ ಕೆಲಸದ ಹಾಗೆ ಇದಕ್ಕೂ ಬೆವರು ಸುರಿಸಬೇಕು.

ಅಂದು ಬಿಟ್ಟಿ ಹಾಡಿಸಿದ್ದರಾ?

ಹಿಂದಿನ ಕಾಲದಲ್ಲಿ ಹಾಡಿಗೆ ದುಡ್ಡೇ ಇರಲಿಲ್ಲ, ಎಲ್ಲ ಭಕ್ತಿ-ಪ್ರೀತಿಯಿಂದ ನಡೀತಿತ್ತು ಅನ್ನೋ ಮಾತು ಆಗಾಗ ಕೇಳುತ್ತೆ. ಇದರಲ್ಲಿ ಅರ್ಧ ಮಾತ್ರ ನಿಜ. ನೋಟು ಎಣಿಸಿ ಕೊಡುವ ಪದ್ಧತಿ ಕಡಿಮೆ ಇತ್ತು. ಹಾಗಂತ ಹಾಡಿದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಹುತ್ತರಿ ಸಮಯದ ಮನೆಪಾಟ್ ನೋಡಿ. ಹಾಡುಗಾರರು ದುಡಿ ಬಾರಿಸುತ್ತಾ ಮನೆಯಿಂದ ಮನೆಗೆ ಹೋಗುತ್ತಾರೆ, ಆ ಮನೆಯನ್ನು ಹೊಗಳಿ ಹಾಡುತ್ತಾರೆ. ಮನೆಯವರು ಅವರನ್ನು ಉಪಚರಿಸಿ, ಕಾಣಿಕೆ ಕೊಟ್ಟು ಕಳಿಸಬೇಕು. ಕೊಡದೆ ಕಳಿಸೋದು ಮನೆತನದ ಮರ್ಯಾದೆ ಪ್ರಶ್ನೆಯಾಗಿತ್ತು. ಬುಟ್ಟಿ ಹೆಣೆಯುವ ಮೇದರು ಹಬ್ಬ, ಮದುವೆಗಳಲ್ಲಿ ವಾದ್ಯ ನುಡಿಸಿದರೆ ಸುಗ್ಗಿಯಲ್ಲಿ ಅವರ ಪಾಲಿನ ಭತ್ತ ಸಲ್ಲುತ್ತಿತ್ತು. ಕಣದಲ್ಲಿ ಅಳೆದುಕೊಟ್ಟ ಆ ಭತ್ತವೇ ಅವರ ಸಂಬಳ. ಆ ವ್ಯವಸ್ಥೆಯಲ್ಲಿ ಜಾತಿಯ ಮೇಲು-ಕೀಳಿತ್ತು, ಕೊಡುವವನ ಕೈ ಯಾವಾಗಲೂ ಮೇಲಿರುತ್ತಿತ್ತು. ಅದನ್ನು ಸುವರ್ಣಯುಗ ಅಂತ ಕರೆಯೋಕೆ ಆಗಲ್ಲ. ಆದರೂ ದುಡಿಸಿಕೊಂಡ ಮೇಲೆ ಕೊಡಬೇಕು ಅನ್ನೋ ಲೆಕ್ಕ ಅದರಲ್ಲಿತ್ತು.

ಇನ್ನು ತನ್ನದೇ ಒಕ್ಕದ ಮದುವೆಯಲ್ಲಿ, ತನ್ನದೇ ಊರ ಮಂದ್‌ನಲ್ಲಿ ಹಾಡುವವನ ಮಾತು ಬೇರೆ. ಇವತ್ತು ಇವನು ಅವರ ಮನೆಯಲ್ಲಿ ಹಾಡಿದರೆ ನಾಳೆ ಅವರು ಇವನ ಮನೆಗೆ ಬಂದು ಹಾಡುತ್ತಾರೆ. ನಾಟಿಗೆ ಮುಯ್ಯಾಳು ಹೋದ ಹಾಗೆ. ಮುಯ್ಯಿಗೆ ಕೂಲಿ ಇಲ್ಲ ನಿಜ, ಆದರೆ ಆಳಿಗೆ ಆಳು ತೀರಿಸಲೇಬೇಕು. ತೀರಿಸುವ ಉದ್ದೇಶವೇ ಇಲ್ಲದೆ ಕರೆದರೆ ಅದನ್ನು ಮುಯ್ಯಿ ಅನ್ನೋದಿಲ್ಲ, ಬಿಟ್ಟಿ ಅಂತಾರೆ.

1924ರ ಪುಸ್ತಕ

ಚಿಣ್ಣಪ್ಪನವರ ಸಂಗ್ರಹ ‘ಪಟ್ಟೋಲೆ ಪಳಮೆ’ ಹೆಸರಿನಲ್ಲಿ 1924ರಲ್ಲಿ ಅಚ್ಚಾಯಿತು. ಹಾಡುಗಳು ಕೊಡವ ತಕ್ಕ್‌ನಲ್ಲಿ, ಲಿಪಿ ಕನ್ನಡದ್ದು. ಪುಸ್ತಕದ ಮೂರರಲ್ಲಿ ಎರಡು ಪಾಲು ಹಾಡುಗಳೇ. ಉಳಿದದ್ದು ಹಬ್ಬ, ಮದುವೆ, ಸಾವಿನ ಕಟ್ಟುಪಾಡು, ಗಾದೆ, ನಂಬಿಕೆ. ಭಾರತದ ಯಾವುದೇ ಒಂದು ಸಮುದಾಯದ ಜಾನಪದವನ್ನು ಇಷ್ಟು ವಿಸ್ತಾರವಾಗಿ ಸಂಗ್ರಹಿಸಿದ ಮೊದಮೊದಲ ಪುಸ್ತಕಗಳಲ್ಲಿ ಇದೂ ಒಂದು ಅಂತ ವಿದ್ವಾಂಸರು ಗುರುತಿಸುತ್ತಾರೆ. ಭಗವದ್ಗೀತೆಯನ್ನೂ ಚಿಣ್ಣಪ್ಪ ‘ಭಗವಂತಂಡ ಪಾಟ್’ ಅಂತ ಕೊಡವ ಭಾಷೆಗೆ ತಂದರು.

ಇಷ್ಟು ಕೆಲಸಕ್ಕೆ ಬೇಕಾದ ಸಮಯ ಎಲ್ಲಿಂದ ಬಂತು ಅನ್ನೋದನ್ನು ಗಮನಿಸಬೇಕು. ತಿಂಗಳ ಸಂಬಳ ಬರುವ ನೌಕರಿ ಇದ್ದದ್ದರಿಂದ ಒಂದು ಪಾಟ್ ಬರೆದುಕೊಂಡರೆ ಎಷ್ಟು ಸಿಗುತ್ತೆ ಅಂತ ಚಿಣ್ಣಪ್ಪ ಲೆಕ್ಕ ಹಾಕಬೇಕಾಗಿರಲಿಲ್ಲ. ಅವರ ತ್ಯಾಗ ಇದರಿಂದ ಸಣ್ಣದಾಗೋದಿಲ್ಲ. ಸಂಬಳ ಪಡೆದವರೆಲ್ಲ ಇಂಥ ಕೆಲಸ ಮಾಡಲಿಲ್ಲ, ಅವರು ಮಾಡಿದರು. ಆದರೆ ಅದು ಅವರೇ ಆರಿಸಿಕೊಂಡ ದಾರಿ, ಅವರ ಕೈಲಿ ಆಗುವಂಥದ್ದೂ ಆಗಿತ್ತು. ಬೇರೆ ಆದಾಯವಿಲ್ಲದ ಹಾಡುಗಾರನ ಮೇಲೆ ಅದನ್ನೇ ಹೇರಿದರೆ ಅವನು ದುಡಿ ಕೆಳಗಿಟ್ಟು ತೋಟದ ಕೂಲಿಗೆ ಹೋಗಬೇಕಾಗುತ್ತೆ.

ಹರದಾಸರ ದಾರಿ ಬೇರೆ

ಅದೇ ಕಾಲದಲ್ಲಿ ಕೊಡಗಿನಲ್ಲಿ ಇನ್ನೊಬ್ಬ ದೊಡ್ಡವರಿದ್ದರು: ಹರದಾಸ ಅಪ್ಪಚ್ಚ ಕವಿ. 1868ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡ ಅವರು ಕೊಡವ ಭಾಷೆಗೆ ‘ಯಯಾತಿ’ ಸೇರಿ ನಾಲ್ಕು ನಾಟಕ ಕೊಟ್ಟವರು. ಹೆಸರಿನ ಹಿಂದಿರುವ ‘ಹರದಾಸ’ ಅನ್ನೋದು ಹರಿಕಥೆಯ ಪರಂಪರೆಯಿಂದ ಬಂದದ್ದು. ಆ ಪರಂಪರೆಯಲ್ಲಿ ಕಥೆ ಮುಗಿದ ಮೇಲೆ ಆರತಿ ತಟ್ಟೆ ಸಭೆಯ ನಡುವೆ ಬರುತ್ತೆ. ಕೇಳಿದವರು ಕೈಲಾದಷ್ಟು ಹಾಕುತ್ತಾರೆ. ದೇವರ ಕಥೆಗೆ ದುಡ್ಡಾ ಅಂತ ಯಾರೂ ಕೇಳುತ್ತಿರಲಿಲ್ಲ. ಕಥೆ ದೇವರದ್ದಾದರೂ ಗಂಟಲು ಮನುಷ್ಯನದ್ದು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಕೊಡಗಿನ ಹೊರಗೆ ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಗ್ರಾಮಫೋನ್ ತಟ್ಟೆಗೆ ಸೇರಿತು. ಅಲ್ಲಿವರೆಗೆ ಹಾಡು ಬೇಕಿದ್ದರೆ ಹಾಡುವವರನ್ನೇ ಮನೆಗೆ ಕರೆಸಬೇಕಿತ್ತು. ತಟ್ಟೆ ಬಂದ ಮೇಲೆ ಹಾಡು ಒಂದು ಕಡೆ, ಹಾಡುಗಾರ ಇನ್ನೊಂದು ಕಡೆ. ಪುಸ್ತಕ ಕೂಡ ಇದೇ ಕೆಲಸ ಮಾಡುತ್ತೆ. ‘ಪಟ್ಟೋಲೆ ಪಳಮೆ’ ಹಾಡನ್ನು ಉಳಿಸಿತು, ಜೊತೆಗೆ ಹಾಡುಗಾರ ಅಂಗಳಕ್ಕೆ ಬಾರದೆಯೂ ಹಾಡು ಸಿಗುವಂತೆ ಮಾಡಿತು. ಮುಂದೆ ಕ್ಯಾಸೆಟ್, ಸಿಡಿ, ಈಗ ಮೊಬೈಲ್. ಹಳೇ ಪದ್ಧತಿಯ ಕಾಣಿಕೆ, ಭತ್ತ ಎಲ್ಲ ಅಂಗಳದಲ್ಲಿ ನಿಂತ ಮನುಷ್ಯನಿಗೆ ಸಲ್ಲುತ್ತಿತ್ತು. ಹಾಡು ಒಂದೇ ಬಂದು, ಮನುಷ್ಯ ಬಾರದೆ ಹೋದಾಗ ಕಾಣಿಕೆಯೂ ನಿಂತಿತು.

1931ರ ನಂತರ

ಚಿಣ್ಣಪ್ಪ 1931ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ವಯಸ್ಸು 56ರ ಆಸುಪಾಸು. ಪುಸ್ತಕ ಅವರ ನಂತರ ಮತ್ತೆ ಮತ್ತೆ ಅಚ್ಚಾಯಿತು. ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಅದನ್ನು ಇಂಗ್ಲಿಷ್‌ಗೆ ತಂದರು. ಆ ಅನುವಾದ 2003ರಲ್ಲಿ ಪ್ರಕಟವಾಯಿತು. ಕೊಡಗು ಬಿಟ್ಟು ದೂರದಲ್ಲಿ ಬೆಳೆದ ಮಕ್ಕಳಿಗೂ ಅಜ್ಜನ ಕಾಲದ ಪಾಟ್ ಏನು ಅಂತ ತಿಳಿಯುವಂತಾಯಿತು.

ಈಗ ಕಾನೂನಿನ ಲೆಕ್ಕ. ಅಂದಿನ ಹಕ್ಕುಸ್ವಾಮ್ಯ ನಿಯಮದಂತೆ ಬರಹಗಾರ ತೀರಿಕೊಂಡ ಮೇಲೆ 50 ವರ್ಷ ಹಕ್ಕು ಉಳಿಯುತ್ತಿತ್ತು. 1992ರ ತಿದ್ದುಪಡಿ ಅದನ್ನು 60 ವರ್ಷ ಮಾಡುವಷ್ಟರಲ್ಲಿ ಚಿಣ್ಣಪ್ಪನವರ ಅವಧಿ ಮುಗಿದಿತ್ತು. 1981ರ ಕೊನೆಗೇ ಅದು ತೀರಿತ್ತು. ಹಾಗಾಗಿ ಅವರ ರಚನೆಗಳನ್ನು ಈಗ ಯಾರು ಬೇಕಾದರೂ ಹಾಡಬಹುದು. ಜನಪದ ಹಾಡುಗಳಿಗಂತೂ ಕಟ್ಟಿದವರ ಹೆಸರೇ ಇಲ್ಲ. ಮದುವೆ ಮತ್ತು ಅದಕ್ಕೆ ಸೇರಿದ ಸಂಭ್ರಮ, ಧಾರ್ಮಿಕ ಕಾರ್ಯಗಳಲ್ಲಿ ಹಾಡು ಹಾಡಿಸೋದಕ್ಕೂ, ಹಾಕಿಸೋದಕ್ಕೂ ಕಾನೂನು ವಿನಾಯಿತಿ ಕೊಟ್ಟಿದೆ.

ಇಲ್ಲೇ ಹಲವರು ಎಡವೋದು. ಹಾಡು ಎಲ್ಲರದ್ದು ಅಂದ ಮಾತ್ರಕ್ಕೆ ಹಾಡುವವನ ದುಡಿಮೆ ಎಲ್ಲರದ್ದಾಗೋದಿಲ್ಲ. ಮದುವೆಯಲ್ಲಿ ಹಾಡಿಸೋಕೆ ಲೈಸೆನ್ಸ್ ಬೇಡ ಅನ್ನೋದಕ್ಕೂ, ವಾಲಗದವರಿಗೆ ಕೂಲಿ ಬೇಡ ಅನ್ನೋದಕ್ಕೂ ಸಂಬಂಧವೇ ಇಲ್ಲ. ಹಾಡಿದವರಿಗೂ ಅವರದೇ ಆದ ಹಕ್ಕನ್ನು ಈಗಿನ ಕಾನೂನು ಕೊಟ್ಟಿದೆ. ಒಪ್ಪಿಗೆ ಇಲ್ಲದೆ ಅವರ ಹಾಡನ್ನು ರೆಕಾರ್ಡ್ ಮಾಡಿ ಮಾರುವಂತಿಲ್ಲ. ಸಿನಿಮಾ, ಆಲ್ಬಂಗೆ ಹಾಡು ಬರೆಯುವವರು, ಸಂಗೀತ ಮಾಡುವವರು ರಾಯಲ್ಟಿಯ ಪಾಲು ಪೂರ್ತಿ ಬಿಟ್ಟುಕೊಡುವಂತೆ ಒಪ್ಪಂದ ಬರೆಸಿಕೊಳ್ಳೋದಕ್ಕೂ 2012ರ ತಿದ್ದುಪಡಿ ಅಡ್ಡ ನಿಂತಿದೆ.

ಬಿಟ್ಟಿ ಹಾಡುವುದು ತಪ್ಪಾ?

ಖಂಡಿತ ಅಲ್ಲ. ಸಾವಿನ ಮನೆಯಲ್ಲಿ ಹಾಡುವವರು, ಊರ ದೇವರಿಗೆ ಹರಕೆಯಾಗಿ ಹಾಡುವವರು, ಮಕ್ಕಳಿಗೆ ಪಾಟ್ ಕಲಿಸುವವರು ದುಡ್ಡು ಬೇಡ ಅಂದರೆ ಅದು ಅವರ ದೊಡ್ಡತನ. ಬೇಡ ಅನ್ನುವ ಹಕ್ಕು ಹಾಡುವವನದ್ದು, ಕರೆಯುವವನದ್ದಲ್ಲ. ಚಿಣ್ಣಪ್ಪ ತಮ್ಮ ಬಿಡುವನ್ನು, ಶ್ರಮವನ್ನು ತಾವೇ ಕೊಟ್ಟರು. ಯಾರೋ ಅವರ ಪರವಾಗಿ ಕೊಟ್ಟದ್ದಲ್ಲ.

ಇನ್ನೊಂದು ಸಣ್ಣ ಪರೀಕ್ಷೆಯೂ ಇದೆ. ಕಾರ್ಯಕ್ರಮದಲ್ಲಿ ಶಾಮಿಯಾನದವರಿಗೆ, ಮೈಕ್‌ಸೆಟ್‌ನವರಿಗೆ, ಅಡುಗೆಯವರಿಗೆ, ಫ್ಲೆಕ್ಸ್ ಮಾಡಿದವರಿಗೆ ದುಡ್ಡು ಕೊಟ್ಟು, ಹಾಡಿದವರಿಗೆ ಮಾತ್ರ ಶಾಲು-ಹಾರ ಹಾಕಿ ಕಳಿಸಿದರೆ ಅದನ್ನು ಸೇವೆ ಅಂತ ಕರೆಯೋದು ಕಷ್ಟ. ಎಲ್ಲರೂ ಸೇವೆಗೆ ಬಂದಿದ್ದರೆ ಹಾಡುಗಾರರೂ ಸೇವೆಗೆ ಬರುತ್ತಾರೆ. ಹೆಸರು ಬರುತ್ತೆ, ಪ್ರಚಾರ ಸಿಗುತ್ತೆ ಅನ್ನೋ ಮಾತನ್ನು ಅಕ್ಕಿ ಅಂಗಡಿಯಲ್ಲಿ ಹೇಳಿದರೆ ಯಾರೂ ಅಕ್ಕಿ ತೂಗಿ ಕೊಡೋದಿಲ್ಲ ಅನ್ನೋದು ಅಂಗಡಿ ನಡೆಸುವವರಿಗೆ ಚೆನ್ನಾಗಿ ಗೊತ್ತು.

ನೂರು ವರ್ಷದ ಹಿಂದೆ ಚಿಣ್ಣಪ್ಪನವರಿಗಿದ್ದ ಚಿಂತೆ ಹಾಡು ಮರೆತುಹೋಗುತ್ತೆ ಅನ್ನೋದು. ಅವರ ಪುಣ್ಯದಿಂದ ಸಾಲುಗಳು ಪುಸ್ತಕದಲ್ಲಿ ಭದ್ರವಾಗಿವೆ. ಆದರೆ ದುಡಿಯ ತಾಳ, ಗಂಟಲಿನ ಏರಿಳಿತ, ಮನೆಗೆ ತಕ್ಕಂತೆ ಸಾಲು ಕೂಡಿಸುವ ಚಾಕಚಕ್ಯತೆ ಯಾವ ಪುಸ್ತಕದಲ್ಲೂ ಇಲ್ಲ. ಅದು ಇರೋದು ಹಾಡುವ ಮನುಷ್ಯರ ಹತ್ತಿರ. ಮುಂದಿನ ಹುತ್ತರಿಗೆ, ಮದುವೆ ಸೀಸನ್‌ಗೆ ಅವರನ್ನು ಕರೆಯುವಾಗ ಊಟದ ಎಲೆಯ ಜೊತೆ ಒಪ್ಪಿದ ಮೊತ್ತವನ್ನೂ ಮೊದಲೇ ಮಾತಾಡಿ, ಹಾಡು ಮುಗಿದ ದಿನವೇ ಕೈಗೆ ಕೊಟ್ಟರೆ ಚಿಣ್ಣಪ್ಪನವರ ಕೆಲಸ ಮುಂದುವರಿಸಿದ ಹಾಗೆ.