ಮೈದಾನ ಗುಡಿಸಿದವರು ಪಂದ್ಯ ಗೆಲ್ಲಿಸಿದರು

ಶಾಲೆಗೆ ಐವತ್ತು ತುಂಬಿತು, ನೀನೂ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಬರೆಯುವ ರೂಢಿಯಿಲ್ಲ. ಆದರೆ ಶಾಲೆ ಎಂದರೆ ನನಗೆ ಮೊದಲು ನೆನಪಾಗುವುದು ಅದರ ಮೈದಾನ. ಅದಕ್ಕೇ ಒಬ್ಬ ಕ್ರಿಕೆಟ್ ಆಟಗಾರರ ಬಗ್ಗೆ ಬರೆಯುತ್ತಿದ್ದೇನೆ. ಅವರು ಪಲ್ವಂಕರ್ ಬಾಲೂ.

ಬಾಲೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಕೊಂಕಣ ಮೂಲದ ಚಮ್ಮಾರ ಮನೆತನ. ತಂದೆ ಸೈನ್ಯದಲ್ಲಿದ್ದರು. ಬೆಳೆದದ್ದು ಪುಣೆಯಲ್ಲಿ. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿಗೆ ಪಿಚ್ ಗುಡಿಸಿದರು. ಆಮೇಲೆ ಯುರೋಪಿಯನ್ನರ ಕ್ಲಬ್ ಸೇರಿದರು. ಅಲ್ಲಿ ರೋಲರ್ ಎಳೆಯಬೇಕು, ನೆಟ್ ಕಟ್ಟಬೇಕು, ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡಬೇಕು. ಗ್ರೇಗ್ ಎಂಬ ಸಾಹೇಬರು ತಾವು ಔಟಾದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರಂತೆ. ಎಡಗೈ ಸ್ಪಿನ್ ಹೀಗೆ ಪಳಗಿತು. ಆದರೆ ಬ್ಯಾಟನ್ನು ಮಾತ್ರ ಯಾರೂ ಅವರ ಕೈಗೆ ಕೊಡಲಿಲ್ಲ.

ಯುರೋಪಿಯನ್ನರನ್ನು ಸೋಲಿಸಲು ಪುಣೆಯ ಹಿಂದೂ ತಂಡಕ್ಕೆ ಬಾಲೂ ಬೇಕಾದರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಬಾಲೂ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಿತ್ತು. ಊಟದ ತಟ್ಟೆಯೂ ಬೇರೆ.

ಮುಂದೆ ಅವರು ಮುಂಬಯಿಗೆ ಹೋದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ 8 ವಿಕೆಟ್ ಬಾಲೂ ಅವರವು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಆ ಪ್ರವಾಸದಲ್ಲಿ ಬಾಲೂ ಪಡೆದದ್ದು 114 ವಿಕೆಟ್. ತಂಡ ಸೋಲುತ್ತಲೇ ಇದ್ದಾಗ ಲೆಸ್ಟರ್‌ಶೈರ್ ವಿರುದ್ಧ 11 ವಿಕೆಟ್ ತೆಗೆದು ಮೊದಲ ಗೆಲುವು ತಂದರು. ಸಾಮರ್ಸೆಟ್ ವಿರುದ್ಧ ಭಾರತ ಗೆದ್ದದ್ದು ಒಂದೇ ವಿಕೆಟ್ಟಿನಿಂದ. ಅಂದು ತಮ್ಮ ಶಿವರಾಮ್ ಔಟಾಗದೆ 113 ಹೊಡೆದರೆ, ಅಣ್ಣ ಬಾಲೂ 55 ಹೊಡೆದರು. ಬ್ಯಾಟು ಸಿಗದೆ ಬೆಳೆದ ಕೈಗಳು ಅವು!

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಲೂ ಅವರಿಗೆ ಬರಲಿಲ್ಲ. 1923ರಲ್ಲಿ ಅದು ಅವರ ಇನ್ನೊಬ್ಬ ತಮ್ಮ ವಿಠ್ಠಲ್ ಅವರಿಗೆ ಬಂತು. 1937ರ ಚುನಾವಣೆಯಲ್ಲಿ ಬಾಲೂ ಅಂಬೇಡ್ಕರರ ಎದುರು ನಿಂತು ಸೋತರು. 1955ರಲ್ಲಿ ತೀರಿಕೊಂಡರು.

ಇವರ ಜೀವನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಓಣಿಯ ತಂಡ ಶಹಾಪುರದಿಂದ ಸುರಪುರಕ್ಕೆ ಆಡಲು ಹೋಗಿತ್ತು. ಕೊನೆಯ ಓವರಿಗೆ 9 ರನ್ ಬೇಕಿತ್ತು. ಗೆಳೆಯನೊಬ್ಬ ನಾಲ್ಕೇ ಬಾಲಿನಲ್ಲಿ ಹೊಡೆದು ಮುಗಿಸಿದ. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದೆವು. ದಾರಿಯಲ್ಲಿ ಚಹಾಕ್ಕೆ ನಿಂತಾಗ ನಮಗೆ ಒಳಗೆ ಗಾಜಿನ ಗ್ಲಾಸು, ಅವನಿಗೆ ಹೊರಗೆ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕಪ್ಪು. ಅವನು ಏನೂ ಅನ್ನಲಿಲ್ಲ. ನಾನೂ ನೋಡಿ ಸುಮ್ಮನಿದ್ದೆ.

ಬಾಲೂ ಅವರದು ನೂರು ವರ್ಷ ಹಿಂದಿನ ಮಾತು ಎನ್ನಬಹುದು. ನನ್ನದು ಹಾಗಲ್ಲ. ಆ ಗೆಳೆಯ ಈಗಲೂ ಊರಲ್ಲೇ ಇದ್ದಾನೆ. ಸುವರ್ಣ ಮಹೋತ್ಸವಕ್ಕೆ ಬಂದಾಗ ಮೊದಲು ಅವನ ಮನೆಗೆ ಹೋಗುತ್ತೇನೆ. ತಪ್ಪಾಯಿತು ಎಂದು ಹೇಳಿ, ಅವನು ಕೊಟ್ಟರೆ ಒಂದು ಕಪ್ ಚಹಾ ಕುಡಿದು, ಆಮೇಲೆ ಇಬ್ಬರೂ ಕೂಡಿ ಶಾಲೆಗೆ ಬರುತ್ತೇವೆ.